ಗೃಹಶಿಲ್ಪ: ವಾದ್ಯ ಕಟ್ಟುವವರ ಮನೆಗೆ ಪಟ್ಟಿಗರಗಸ

ಸೇವೆಯಿಂದ ನಿವೃತ್ತರಾದ ಗೃಹಸ್ಥರೊಬ್ಬರು ಈ ಪುಟಕ್ಕೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರಿಗೆ ಮರಗೆಲಸದಲ್ಲಿ ಹಸ್ತಕೌಶಲವುಂಟು. ಮನೆಯಲ್ಲಿ ಸಂಗೀತದ ಅಭ್ಯಾಸವೂ ಉಂಟು. ಪಿಟೀಲು, ಗಿಟಾರು, ವೀಣೆ ಈ ಮೂರನ್ನೂ ತಮ್ಮ ಕೈಯಿಂದಲೇ ಕಟ್ಟಬೇಕೆಂಬ ಅಭಿಲಾಷೆ. ಅದಕ್ಕಾಗಿ ಹಿತ್ತಲಿನ ಕೊಠಡಿಯಲ್ಲಿ ಒಂದು ಪಟ್ಟಿಗರಗಸದ ಯಂತ್ರವನ್ನು ಇರಿಸಬೇಕೆಂದಿದ್ದಾರೆ. ಅಂಗಡಿಯವರು ತೋರಿಸುವ ಹತ್ತಾರು ಯಂತ್ರಗಳಲ್ಲಿ ಯಾವುದನ್ನು ಆರಿಸಿಕೊಳ್ಳತಕ್ಕದ್ದು ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ ಅವರ ಧರ್ಮಪತ್ನಿಯವರ ಪ್ರಶ್ನೆಯೂ ಒಂದುಂಟು: "ಅಷ್ಟು ಹಣವಿದ್ದರೆ ಒಳ್ಳೆಯ ವೀಣೆಯನ್ನೇ ಕೊಂಡು ತರಬಹುದಲ್ಲವೆ?" ಎಂದು. ಈ ಎರಡರಲ್ಲಿ ಎರಡನೆಯ ಪ್ರಶ್ನೆಯೇ ಘನತರವಾದುದು. ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲನೆಯದನ್ನು ಸಾಂಗವಾಗಿ ವಿಚಾರಮಾಡಬೇಕಾಗುತ್ತದೆ.

ಪಟ್ಟಿಗರಗಸವೆಂದರೆ ಮರದ ಮಿಲ್ಲುಗಳಲ್ಲಿ ಬ್ಯಾಂಡ್ ಸಾ ಎಂದು ಕರೆಯುವ ಯಂತ್ರ. ಒಂದರ ಮೇಲೊಂದು ನಿಂತ ಎರಡು ಚಕ್ರಗಳು. ಅವೆರಡನ್ನೂ ಬಳಸಿಕೊಂಡು ಹರಿಯುವ, ಮೊದಲು ಕೊನೆಯಿಲ್ಲದ ಉಕ್ಕಿನ ಪಟ್ಟಿ. ಆ ಪಟ್ಟಿಯ ಒಂದು ಅಂಚಿನಲ್ಲಿ ಹಲ್ಲುಗಳು. ಕೆಳಗಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ. ಮೇಲಿನ ಚಕ್ರವು ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ನಡುವೆ ಕಬ್ಬಿಣದ ಮೇಜು; ಅದರ ಮೇಲೆ ಮರವನ್ನಿಟ್ಟು ಪಟ್ಟಿಯ ಕಡೆಗೆ ನೂಕಿದರೆ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಕೊಯ್ಯುತ್ತವೆ. ಹಲ್ಲಿನ ಎಳೆತವು ಮೇಜಿನ ಕಡೆಗೇ ಇರುವುದರಿಂದ ಮರವು ಮೇಜಿಗೆ ಒತ್ತಿಕೊಂಡು ನಿಲ್ಲುತ್ತದೆಯೇ ಹೊರತು, ದುಂಡುಗರಗಸದಲ್ಲಿ ಆಗುವಂತೆ ಕೊಯ್ಯುವವನ ಎದೆಗೆ ಹಿಂದಿರುಗಿ ಸಿಡಿಯುವ ಸಂಭವವು ಇಲ್ಲಿ ಇಲ್ಲವೆನ್ನಬಹುದು.

ಈ ಯಂತ್ರದ ಪೂರ್ವೋತ್ತರವು ಬೋಧಪ್ರದವಾಗಿದೆ. 1808ರಲ್ಲಿ ಲಂಡನ್ನಿನ ವಿಲಿಯಂ ನ್ಯೂಬೆರಿ ಎಂಬಾತನು ಇದಕ್ಕೆ ಪೇಟೆಂಟನ್ನು ಪಡೆದನು. ಆದರೆ ಚಕ್ರಗಳ ಮೇಲೆ ಎಡೆಬಿಡದೆ ಬಾಗಿ ಬಾಗಿ ಹರಿಯುವ ಪಟ್ಟಿಯು ಬೆಸುಗೆಯ ಸ್ಥಾನದಲ್ಲಿ ತುಂಡಾಗುತ್ತಿದ್ದುದರಿಂದ ಯಂತ್ರವು ಬಳಕೆಗೆ ಬರಲಿಲ್ಲ. ಹೀಗೆ ಸುಮಾರು 40 ವರ್ಷಗಳು ಕಳೆದುವು. 1846ರಲ್ಲಿ ಫ್ರಾನ್ಸಿನ ಕ್ರೆಪಿನ್ ಎಂಬ ಮಹಿಳೆಯು ಬಾಳಿಕೆ ಬರುವ ಬೆಸುಗೆಯ ಕ್ರಮವನ್ನು ಕಂಡುಹಿಡಿದು ಪೇಟೆಂಟಿಗೆ ಅರ್ಜಿಯನ್ನು ಕೊಟ್ಟಳು. ಪ್ಯಾರಿಸಿನ ಪೆರಿನ್ ಕಂಪೆನಿಯವರು ಆ ಹಕ್ಕನ್ನು ಕೊಂಡು, ಹದವಾದ ಉಕ್ಕಿನೊಡನೆ ಅದನ್ನು ಸೇರಿಸಿ, ನಂಬತಕ್ಕ ಪಟ್ಟಿಯನ್ನು ಮಾಡಿದರು. ಚಕ್ರವೂ ಮೇಜೂ ಸಿದ್ಧವಾಗಿದ್ದು ಪಟ್ಟಿಗಾಗಿ 40 ವರ್ಷ ಕಾದುವೆಂದ ಮೇಲೆ, ಈ ಯಂತ್ರದ ಪ್ರಾಣವು ಎಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಕೊಳ್ಳುವವರು ಬಣ್ಣ ಬಳಿದ ಪೆಟ್ಟಿಗೆಯನ್ನು ನೋಡದೆ, ಪಟ್ಟಿಯನ್ನೂ ಅದನ್ನು ಬಿಗಿಹಿಡಿಯುವ ಕಂಬವನ್ನೂ ನೋಡತಕ್ಕದ್ದು.

ಗರಗಸಕ್ಕೆ ಸಂಸ್ಕೃತದಲ್ಲಿ ಕ್ರಕಚವೆಂದು ಹೆಸರು. ಮರ ಕೊಯ್ಯುವ ಲೆಕ್ಕಕ್ಕೆ ನಮ್ಮ ಪೂರ್ವಿಕರು ಗಣಿತಶಾಸ್ತ್ರದಲ್ಲಿ ಪ್ರತ್ಯೇಕವಾದ ಸ್ಥಾನವನ್ನೇ ಕೊಟ್ಟಿದ್ದರು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ, 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿಯೂ ಈ ವಿಷಯವು ಬಂದಿದೆ. ಲೀಲಾವತಿಯ ಒಂದು ಲೆಕ್ಕವು ಹೀಗಿದೆ: ಬುಡದಲ್ಲಿ 20 ಅಂಗುಲ, ತುದಿಯಲ್ಲಿ 16 ಅಂಗುಲ ದಪ್ಪವಾಗಿ, 100 ಅಂಗುಲ ಉದ್ದವಾದ ದಿಮ್ಮಿಯನ್ನು ನಾಲ್ಕು ಕಡೆ ಉದ್ದಕ್ಕೆ ಸೀಳಿದರೆ ಕೆಲಸವೆಷ್ಟು? ದಪ್ಪದ ಸರಾಸರಿ 18; ಅದನ್ನು 100ರಿಂದಲೂ 4ರಿಂದಲೂ ಗುಣಿಸಿದರೆ 7200 ಚದರ ಅಂಗುಲ; ಒಂದು ಚದರ ಹಸ್ತಕ್ಕೆ 576 ಅಂಗುಲದಂತೆ ಭಾಗಿಸಿದರೆ ಹನ್ನೆರಡೂವರೆ ಹಸ್ತ. ಕೂಲಿಯಾದರೋ ಮರದ ಮೃದುತ್ವ ಕಾಠಿನ್ಯಗಳನ್ನು ಅನುಸರಿಸಿ, ಕೆಲಸಗಾರರ ಒಪ್ಪಿಗೆಯಿಂದ ನಿರ್ಣಯವಾಗತಕ್ಕದ್ದೆಂದು ಆಚಾರ್ಯನು ಹೇಳಿದ್ದಾನೆ. ಅಂದರೆ ಗರಗಸದ ಶ್ರಮವನ್ನು ಅಳೆಯಬೇಕಾದುದು ಮರದ ತೂಕದಿಂದಲ್ಲ, ಹಲ್ಲು ಸವರಿಕೊಂಡು ಹೋಗುವ ಮುಖದ ವಿಸ್ತಾರದಿಂದ. ಅದರ ಮೇಲೆ ಮರದ ಗಟ್ಟಿತನದಿಂದ. ಇಂದಿನ ಯಂತ್ರವನ್ನು ಆರಿಸುವುದಕ್ಕೂ ಇದೇ ಸೂತ್ರವು ಸಾಕು.

ಹೇಗೆಂದರೆ, ವಾದ್ಯಕಾರನು ಮಾಡುವ ಕೊಯ್ತಗಳು ಎರಡು ಬಗೆ. ಒಂದು, ಹಲಗೆಯನ್ನು ಮಲಗಿಸಿ ಆಕಾರವನ್ನು ಸುತ್ತುಗೊಯ್ಯುವುದು: ಪಿಟೀಲಿನ ಸೊಂಟ, ವೀಣೆಯ ಯಾಳಿ, ಕುದುರೆ, ಬಿರಡೆ ಇವೆಲ್ಲ ಈ ಬಗೆಯವು. ಇನ್ನೊಂದು, ದಪ್ಪ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಪುಸ್ತಕದ ಹಾಳೆಗಳಂತೆ ತೆಳುವಾದ ಫಲಕಗಳನ್ನು ಸೀಳಿ ತೆಗೆಯುವುದು. ಮೊದಲನೆಯ ಕೆಲಸವನ್ನು ಯಾವ ಸಣ್ಣ ಯಂತ್ರವಾದರೂ ಮಾಡೀತು. ತಾಳ್ಮೆಯಿದ್ದರೆ ಕೈಗರಗಸವೂ ಮಾಡೀತು. ಎರಡನೆಯದರಲ್ಲಿಯೇ ಯಂತ್ರದ ಪರೀಕ್ಷೆ. ಆದುದರಿಂದ ಅಂಗಡಿಗೆ ಹೋಗುವುದಕ್ಕೆ ಮೊದಲು ಮನೆಯಲ್ಲಿ ಕುಳಿತು ನಿಶ್ಚಯಿಸಿಕೊಳ್ಳಬೇಕಾದ ಸಂಖ್ಯೆಯು ಒಂದೇ: ನಾನು ನಿಲ್ಲಿಸಿ ಸೀಳಬೇಕಾದ ಹಲಗೆಯ ಅತ್ಯಧಿಕವಾದ ಎತ್ತರವೆಷ್ಟು?

ಪಿಟೀಲಿನ ಬೆನ್ನು ಸಾಧಾರಣವಾಗಿ ಎರಡು ಅರ್ಧಗಳನ್ನು ಜೋಡಿಸಿದುದು. ಒಂದೊಂದು ಅರ್ಧದ ಅಗಲ ನಾಲ್ಕೂಕಾಲು ಇಂಚಿನ ಸುಮಾರು. ಅಂಚಿನ ಸವಕಳಿಯನ್ನು ಸೇರಿಸಿ ಐದು ಇಂಚೆಂದು ಇಟ್ಟುಕೊಳ್ಳಬಹುದು. ಗಿಟಾರಿನ ಬೆನ್ನೂ ಎರಡು ಅರ್ಧಗಳೇ. ಆದರೆ ಒಂದೊಂದು ಎಂಟು ಇಂಚು ಅಗಲವಾಗಬೇಕು. ಮೇಲಾಗಿ ಅವು ಒಂದೇ ಹಲಗೆಯಿಂದ ಅಕ್ಕಪಕ್ಕದಲ್ಲಿ ಸೀಳಿದವಾಗಿದ್ದು, ಪುಸ್ತಕವನ್ನು ತೆರೆದಂತೆ ಮರದ ಗೆರೆಗಳು ಎಡಬಲದಲ್ಲಿ ಒಂದನ್ನೊಂದು ಹೋಲಬೇಕು. ವೀಣೆಯ ಮಾತು ಬೇರೆ. ತಂಜಾವೂರಿನ ವೀಣೆಗೆ ಹಲಸು, ಮೈಸೂರಿನ ವೀಣೆಗೆ ಬೀಟೆ ಪ್ರಸಿದ್ಧವಾಗಿವೆ. ಅದರ ಕೊಡವನ್ನು ದಿಮ್ಮಿಯಿಂದ ತೋಡಿ ತೆಗೆಯುತ್ತಾರೆ. ಅಲ್ಲಿ ಬಾಚಿ ಉಳಿಗಳೇ ಪ್ರಧಾನ. ಕೊಡವನ್ನು ಮುಚ್ಚುವ ಫಲಕವು ಒಂದು ಅಡಿಗೂ ಮೀರಿ ಅಗಲವಾದುದರಿಂದ ಅದನ್ನು ಒಂದೇ ಹಲಗೆಯಾಗಿ ಸೀಳುವುದು ಮನೆಯ ಯಂತ್ರಕ್ಕೆ ಶಕ್ಯವಲ್ಲ, ಮಿಲ್ಲಿಗೇ ಹೋಗಬೇಕು.

ಈಗ ಯಂತ್ರಗಳ ಕಡೆಗೆ ನೋಡೋಣ. ಇವುಗಳನ್ನು ಚಕ್ರದ ವ್ಯಾಸದಿಂದ ಕರೆಯುವುದು ರೂಢಿ. ಮೇಜಿನ ಮೇಲೆ ಇಡುವ 9 ಅಥವಾ 10 ಇಂಚಿನ ಯಂತ್ರಗಳು ಮೂರೂವರೆ ನಾಲ್ಕು ಇಂಚು ಎತ್ತರವನ್ನು ಮಾತ್ರ ಕೊಯ್ಯುತ್ತವೆ. ಅವುಗಳ ಮೋಟಾರು ಅರ್ಧ ಅಶ್ವಶಕ್ತಿಯನ್ನು ಮೀರುವುದು ಅಪರೂಪ. ಇವು ಆಟಿಕೆ ಮಾಡುವವರಿಗೆ ಯೋಗ್ಯ; ಫಲಕ ಸೀಳುವವರಿಗಲ್ಲ. ನೆಲದ ಮೇಲೆ ನಿಲ್ಲುವ 14 ಇಂಚಿನ ಯಂತ್ರವು ಮನೆಯ ಕಾರ್ಯಾಗಾರಕ್ಕೆ ಒಪ್ಪುವ ಅಳತೆ. ಬೀಡುಕಬ್ಬಿಣದ ಹಳೆಯ ಮಾದರಿಯಲ್ಲಿ ಇದರ ಕೊಯ್ತದ ಎತ್ತರ 6 ಇಂಚು. ಕಂಬದ ನಡುವೆ ಒಂದು ತುಂಡನ್ನು ಸೇರಿಸಿ ಎತ್ತರವನ್ನು 12 ಇಂಚಿಗೆ ಏರಿಸುವ ಅನುಕೂಲವು ಕೆಲವಕ್ಕೆ ಉಂಟು. ಹಾಗೆ ಏರಿಸಿದಾಗ ಪಟ್ಟಿಯೂ ಉದ್ದವಾದುದೇ ಬೇಕು. ಪಿಟೀಲಿಗೆ 6 ಇಂಚು ಸಾಕು. ಗಿಟಾರಿಗೆ ಸಾಲದು. ಎರಡು ಇಂಚಿನ ಈ ಅಂತರವನ್ನು ಕಡೆಗಣಿಸಿ ಕೊಂಡ ಯಂತ್ರವು, ಮುಂದೆ ಎಷ್ಟು ಹಣ ಸುರಿದರೂ ಎಂಟು ಇಂಚಿನ ಹಲಗೆಯನ್ನು ಸೀಳಲಾರದು.

ಎತ್ತರವಿದ್ದಮಾತ್ರಕ್ಕೆ ಕಾರ್ಯಸಿದ್ಧಿಯಿಲ್ಲ; ಬಲವೂ ಬೇಕು. ಭಾಸ್ಕರಾಚಾರ್ಯನ ಲೆಕ್ಕವು ಇಲ್ಲಿ ಪುನಃ ಉಪಯೋಗಕ್ಕೆ ಬರುತ್ತದೆ. ಮೂರು ಇಂಚಿನ ಹಲಗೆಯನ್ನು ಒಂದು ಅಡಿ ಉದ್ದ ಸೀಳಿದರೆ 36 ಚದರ ಇಂಚು. ಎಂಟು ಇಂಚಿನದಾದರೆ 96. ಅದೇ ವೇಗದಲ್ಲಿ ನೂಕಬೇಕಾದರೆ ಮೋಟಾರಿನ ಮೇಲಿನ ಹೊರೆ ಎರಡೂವರೆ ಪಾಲಿಗೂ ಹೆಚ್ಚು. ಮರವು ಬೀಟೆಯಾದರೆ ಇನ್ನೂ ಅಧಿಕ. ಆರು ಇಂಚಿನವರೆಗೆ ಒಂದು ಅಶ್ವಶಕ್ತಿ, ಅಂದರೆ 746 ವಾಟು, ನಿಧಾನವಾಗಿಯಾದರೂ ಸಾಗಿಸುತ್ತದೆ. ಎಂಟು ಇಂಚಿನ ಗಟ್ಟಿಮರಕ್ಕೆ ಒಂದೂವರೆಯಿಂದ ಎರಡು ಅಶ್ವಶಕ್ತಿ ಬೇಕು. ಇಷ್ಟರ ಮೋಟಾರಿಗೆ ಮನೆಯ ದೀಪದ ತಂತಿ ಸಾಲದು. ಮೋಟಾರು ಹೊರಡುವ ಕ್ಷಣದಲ್ಲಿ ವಿದ್ಯುತ್ತನ್ನು ಹಲವು ಪಾಲು ಹೆಚ್ಚಾಗಿ ಎಳೆಯುವುದರಿಂದ, ದೊಡ್ಡ ಪ್ಲಗ್ಗಿಗೆ ಪ್ರತ್ಯೇಕವಾದ ದಪ್ಪ ತಂತಿಯನ್ನು ಎಳೆಸಿ ಅರ್ಥಿಂಗ್ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿಸತಕ್ಕದ್ದು.

ಮೂರನೆಯದು ಬಿಗಿ. ಪಟ್ಟಿಯು ವೀಣೆಯ ತಂತಿಯಂತೆ. ಶ್ರುತಿಗೆ ಏರದಿದ್ದರೆ ಅದರಿಂದ ಕೆಲಸವಿಲ್ಲ. ಪಟ್ಟಿಯು ಅಗಲವಾದಷ್ಟೂ ನೇರವಾಗಿ ಸೀಳುತ್ತದೆ. ಆದರೆ ಅದನ್ನು ಬಿಗಿಗೊಳಿಸಲು ಅಷ್ಟೇ ಗಟ್ಟಿಯಾದ ಕಂಬ ಬೇಕು. ಕಂಬವು ದುರ್ಬಲವಾದರೆ ಬಿಗಿಗೊಳಿಸಿದಂತೆಲ್ಲ ತಾನೇ ಬಾಗುತ್ತದೆ. ಮುಕ್ಕಾಲು ಇಂಚಿನ ಪಟ್ಟಿಯನ್ನು ಹಾಕಬಹುದೆಂದು ಅಂಗಡಿಯವರು ಹೇಳುವ ಅನೇಕ 14 ಇಂಚಿನ ಯಂತ್ರಗಳು ಅರ್ಧ ಇಂಚಿನ ಪಟ್ಟಿಯನ್ನು ಮಾತ್ರ ಚೆನ್ನಾಗಿ ಬಿಗಿಹಿಡಿಯಬಲ್ಲವು. ಅರ್ಧ ಇಂಚು ಫಲಕ ಸೀಳುವುದಕ್ಕೆ ಸಾಕು. ಸಡಿಲವಾದ ಅಥವಾ ಮೊಂಡಾದ ಪಟ್ಟಿಯು ಹಲಗೆಯ ಒಳಗೆ ಬಿಲ್ಲಿನಂತೆ ಡೊಂಕಾಗುತ್ತದೆ. ಹೊರಗಿನಿಂದ ಗೆರೆಯು ನೇರವಾಗಿ ಕಂಡರೂ, ಬಿಡಿಸಿ ನೋಡಿದರೆ ಒಂದು ಫಲಕದ ನಡುವು ತೆಳು, ಇನ್ನೊಂದರದು ಉಬ್ಬು. ಆ ಜೋಡಿಯು ಕೆಟ್ಟಂತೆಯೇ.

ಹಲ್ಲಿನ ವಿಷಯದಲ್ಲಿ ಅನೇಕರಿಗೆ ಭ್ರಮೆಯುಂಟು. ಹಲ್ಲು ಸಣ್ಣದಾದಷ್ಟೂ ಕೊಯ್ತವು ನಯವೆಂದು ಎಣಿಸುತ್ತಾರೆ. ಎಂಟು ಇಂಚಿನ ಹಲಗೆಯಲ್ಲಿ ಇಂಚಿಗೆ 14 ಹಲ್ಲಿನ ಪಟ್ಟಿಯನ್ನು ನಡೆಸಿದರೆ ಏಕಕಾಲದಲ್ಲಿ 112 ಹಲ್ಲುಗಳು ಮರದೊಳಗಿರುತ್ತವೆ. ಅವುಗಳ ನಡುವಣ ಕುಳಿಗಳು ಕಿರಿದಾದುದರಿಂದ ಹೊಟ್ಟು ತುಂಬಿಕೊಂಡು ಪಟ್ಟಿಯು ಕಾಯುತ್ತದೆ, ಓರೆಯಾಗುತ್ತದೆ. ಇಂಚಿಗೆ ಮೂರು ಹಲ್ಲಿನದಾದರೆ ಒಳಗಿರುವುದು 24 ಮಾತ್ರ. ಕುಳಿಗಳು ವಿಶಾಲವಾಗಿ ಹೊಟ್ಟನ್ನು ಹೊರಕ್ಕೆ ಒಯ್ಯುತ್ತವೆ. ಆದಕಾರಣ ಸೀಳುವುದಕ್ಕೆ ಇಂಚಿಗೆ ಮೂರು ನಾಲ್ಕು ಹಲ್ಲಿನ ಅರ್ಧ ಇಂಚಿನ ಪಟ್ಟಿ. ಸುತ್ತುಗೊಯ್ಯುವುದಕ್ಕೆ ಕಿರಿದಾದ ಪಟ್ಟಿ. ಅರ್ಧ ಇಂಚಿನ ಪಟ್ಟಿಯು ಎರಡೂವರೆ ಇಂಚು ತ್ರಿಜ್ಯಕ್ಕಿಂತ ಚಿಕ್ಕ ತಿರುವನ್ನು ತಿರುಗಲಾರದು. ಕಾಲು ಇಂಚಿನದು ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚಿನ ತ್ರಿಜ್ಯದಲ್ಲಿಯೂ ತಿರುಗೀತು. ಯಂತ್ರದ ಬೆಲೆಯನ್ನು ಕೊಡುವಾಗಲೇ ಮೂರು ಒಳ್ಳೆಯ ಪಟ್ಟಿಗಳ ಬೆಲೆಯನ್ನು ಬೇರೆಯಾಗಿ ತೆಗೆದಿರಿಸತಕ್ಕದ್ದು. ಪಟ್ಟಿಯು ಸವೆಯುವ ವಸ್ತು. ಅದರಲ್ಲಿ ಜಿಪುಣತನ ಮಾಡಿದವರಿಗೆ ಉತ್ತಮ ಯಂತ್ರವೂ ಅಧಮವೇ.

ಇನ್ನು ಅಂಗಡಿಯಲ್ಲಿ ನಡೆಸತಕ್ಕ ಪರೀಕ್ಷೆಗಳು. ವಿದ್ಯುತ್ತನ್ನು ಕೊಡುವ ಮೊದಲು ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿರಿ. ಅದು ಅತ್ತಿತ್ತ ಓಲಾಡಬಾರದು, ಬೇರಿಂಗಿನಲ್ಲಿ ಗೊರಗೊರ ಶಬ್ದವಿರಬಾರದು. ಚಕ್ರದ ಅಂಚಿಗೆ ಹೊದಿಸಿದ ರಬ್ಬರು ಬಿರುಕಿಲ್ಲದೆ ಇರಬೇಕು. ಪಟ್ಟಿಯನ್ನು ಮೇಲೂ ಕೆಳಗೂ ಹಿಡಿಯುವ ಗೈಡುಗಳು ಸಲೀಸಾಗಿ ಸರಿದು ಗಟ್ಟಿಯಾಗಿ ನಿಲ್ಲಬೇಕು. ಮೇಲಿನ ಗೈಡನ್ನು ಹೊತ್ತ ಸಲಾಕೆಯನ್ನು ಪೂರ್ತಿಯಾಗಿ ಏರಿಸಿ ಇಳಿಸಿದಾಗ ಅದು ಪಟ್ಟಿಯಿಂದ ಓರೆಯಾಗಿ ಹೋಗಬಾರದು. ಅನಂತರ ಯಂತ್ರವನ್ನು ನಡೆಸಿ, ಮೇಜಿನ ಮೇಲೆ, ಪಟ್ಟಿಗೆ ದೂರದಲ್ಲಿ, ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿರಿ. ನಾಣ್ಯವು ಬೀಳದೆ ನಿಂತರೆ ಚಕ್ರಗಳ ತೂಕವು ಸಮವಾಗಿದೆಯೆಂದು ತಿಳಿಯಬಹುದು. ಕೊನೆಯದಾಗಿ, ಸಾಧ್ಯವಾದರೆ ನಿಮ್ಮ ಮರದ ತುಂಡನ್ನೇ ಕೊಂಡೊಯ್ದು ಅದನ್ನು ಸೀಳಿಸಿ ನೋಡಿರಿ. ಮೆದುಮರದ ಹಲಗೆಯನ್ನು ಸೀಳಿ ತೋರಿಸಿದರೆ ಬೀಟೆಗೆ ಪ್ರಮಾಣವಾಗದು. ಹಳೆಯ ಯಂತ್ರವನ್ನು ಕೊಳ್ಳುವವರಿಗೂ ಇವೇ ಪರೀಕ್ಷೆಗಳು. ರಬ್ಬರು, ಬೇರಿಂಗುಗಳನ್ನು ಬದಲಾಯಿಸಬಹುದು, ಬಾಗಿದ ಕಂಬವನ್ನೂ ಒಡೆದ ಚಕ್ರವನ್ನೂ ಸರಿಪಡಿಸುವ ಗೋಜಿಗೆ ಹೋಗಬಾರದು.

ಮನೆಗೆ ತಂದ ಮೇಲೆ, ಪ್ರತಿಯೊಂದು ಪಟ್ಟಿಗೂ ತನ್ನದೇ ಆದ ಒಂದು ಓರೆ ಇರುವುದುಂಟು. ಹಲಗೆಯನ್ನು ಒರಗಿಸಿ ನೂಕುವ ಆಸರೆಯನ್ನು, ಅಂಗಡಿಯವರು ಫೆನ್ಸು ಎನ್ನುವುದನ್ನು, ಆ ಓರೆಗೆ ಹೊಂದಿಸಬೇಕು. ನಿರುಪಯೋಗವಾದ ಹಲಗೆಯೊಂದರ ಮೇಲೆ ಅಂಚಿಗೆ ಸಮಾಂತರವಾಗಿ ಗೆರೆಯೆಳೆದು, ಆಸರೆಯಿಲ್ಲದೆ ಬರಿಗೈಯಿಂದ ಆ ಗೆರೆಯನ್ನು ಅನುಸರಿಸಿ ಅರ್ಧದವರೆಗೆ ಕೊಯ್ಯಿರಿ. ಆಗ ಹಲಗೆಯು ಮೇಜಿನ ಮೇಲೆ ಯಾವ ಕೋನದಲ್ಲಿ ನಿಂತಿರುವುದೋ ಅದೇ ಆ ಪಟ್ಟಿಯ ಮಾರ್ಗ. ಆಸರೆಯನ್ನು ಅದೇ ಕೋನಕ್ಕೆ ನಿಲ್ಲಿಸಿರಿ.

ಈಗ ಗೃಹಿಣಿಯವರ ಪ್ರಶ್ನೆಗೆ ಬರೋಣ. ಪಟ್ಟಿಗರಗಸದ ಪರವಾಗಿ ಹೇಳಬಹುದಾದ ದೊಡ್ಡ ಮಾತು ಮರದ ಉಳಿತಾಯ. ಎರಡು ಇಂಚಿನ, ಎಂದರೆ 50 ಮಿಲಿಮೀಟರಿನ ಹಲಗೆಯಿಂದ 4 ಮಿಲಿಮೀಟರಿನ ಫಲಕಗಳನ್ನು ತೆಗೆಯಬೇಕೆಂದಿಟ್ಟುಕೊಳ್ಳಿರಿ. ದುಂಡುಗರಗಸವು ಒಂದೊಂದು ಕೊಯ್ತಕ್ಕೆ 3 ಮಿಲಿಮೀಟರನ್ನು ಹೊಟ್ಟುಮಾಡಿದರೆ ಸಿಕ್ಕುವುದು ಏಳು ಫಲಕ. ಪಟ್ಟಿಗರಗಸವು ಸುಮಾರು ಒಂದು ಮಿಲಿಮೀಟರಿನಲ್ಲಿ ಮುಗಿಸಿದರೆ ಹತ್ತು. ಬೀಟೆಯ ಜಾತಿಯ ಮರಗಳೆಲ್ಲವೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿವೆ. ತಲೆಮಾರುಗಳ ಕಾಲ ಬೆಳೆದ ಅಂತಹ ಮರದ ಮೂರು ಫಲಕಗಳನ್ನು ಹೊಟ್ಟಾಗಿ ಚೆಲ್ಲುವುದು ದ್ರವ್ಯನಾಶ ಮಾತ್ರವಲ್ಲ, ಅಪಚಾರವೂ ಹೌದು.

ಆದರೆ ಈ ಉಳಿತಾಯವು ಲಾಭವಾಗುವುದು ಹಲಗೆಗಳನ್ನು ಮೇಲಿಂದ ಮೇಲೆ ಸೀಳುವವರಿಗೆ ಮಾತ್ರ. ಮನೆಯಲ್ಲಿ ಒಂದು ವೀಣೆ ಬೇಕೆಂಬುದೇ ಉದ್ದೇಶವಾದರೆ ಆ ತಾಯಿಯವರ ಮಾತು ನಿರ್ವಿವಾದ: ವೀಣೆಯನ್ನೇ ಕೊಳ್ಳತಕ್ಕದ್ದು. ವರ್ಷಕ್ಕೆ ಒಂದು ವೀಣೆಯನ್ನು ಕಟ್ಟುವವರಿಗೂ ಯಂತ್ರವು ಅನಾವಶ್ಯಕ. ಕೊಡವನ್ನು ತೋಡುವುದು ಉಳಿ, ಅಗಲವಾದ ಫಲಕವನ್ನು ಸೀಳುವುದು ಮಿಲ್ಲು. ಇನ್ನು ಪಿಟೀಲು ಗಿಟಾರುಗಳನ್ನು ಹಲವು ವರ್ಷ ಎಡೆಬಿಡದೆ ಕಟ್ಟುವ ಸಂಕಲ್ಪವಿದ್ದರೆ, ಎಂಟು ಇಂಚು ಸೀಳಬಲ್ಲ, ಒಂದೂವರೆ ಅಶ್ವಶಕ್ತಿಗೆ ಕಡಮೆಯಿಲ್ಲದ 14 ಇಂಚಿನ ಯಂತ್ರ. ಪಿಟೀಲು ಮಾತ್ರವಾದರೆ ಆರು ಇಂಚಿನದು. ಸಂಕಲ್ಪವು ನಿಲ್ಲುವುದೋ ಇಲ್ಲವೋ ಎಂಬುದನ್ನು ತಿಳಿಯುವ ಉಪಾಯವೂ ಸುಲಭವಾಗಿದೆ. ಮೊದಲನೆಯ ವಾದ್ಯಕ್ಕೆ ಬೇಕಾದ ಫಲಕಗಳನ್ನು ಮಿಲ್ಲಿನಲ್ಲಿ ಸೀಳಿಸಿಕೊಂಡು, ಮಿಕ್ಕ ಕೆಲಸವನ್ನೆಲ್ಲ ಕೈಗರಗಸ, ಉಳಿ, ಕೀಸುಳಿಗಳಿಂದ ಮಾಡಿ ಮುಗಿಸಿರಿ. ಆ ವಾದ್ಯಕ್ಕೆ ತಂತಿಯನ್ನು ಬಿಗಿದ ಮೇಲೆಯೂ ಎರಡನೆಯದಕ್ಕೆ ಕೈ ತುಡಿದರೆ ಹಣವನ್ನು ಹೊರಕ್ಕೆ ತೆಗೆಯಬಹುದು. ಮೊದಲನೆಯದೇ ಅರ್ಧದಲ್ಲಿ ನಿಂತರೆ ಗಂಟು ಉಳಿಯಿತು. ಮನೆಯಲ್ಲಿ ಮಾತೂ ಉಳಿಯಿತು.

ಕೊಳ್ಳುವ ನಿರ್ಣಯವಾದರೆ ಮತ್ತೊಂದು ವಿಚಾರಣೆಯು ಆವಶ್ಯಕ. ಮರ ಕೊಯ್ಯುವ ಮಿಲ್ಲುಗಳಿಗೆ ನಮ್ಮಲ್ಲಿ ಲೈಸನ್ಸಿನ ಕಟ್ಟುಪಾಡುಂಟು. ಮನೆಯ ಯಂತ್ರವು ಅದರ ವ್ಯಾಪ್ತಿಗೆ ಬರುವುದೋ ಹೇಗೆಂಬುದನ್ನು ಹತ್ತಿರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮುಂಚಿತವಾಗಿ ಕೇಳಿ ತಿಳಿಯತಕ್ಕದ್ದು. ಮರವನ್ನು ಕೊಂಡ ರಸೀದಿಗಳನ್ನು ಜೋಪಾನವಾಗಿ ಇಟ್ಟಿರಬೇಕು.

ಕಡೆಯ ಮಾತು ಕೈಬೆರಳುಗಳದು. 14 ಇಂಚಿನ ಯಂತ್ರದ ಪಟ್ಟಿಯು ನಿಮಿಷಕ್ಕೆ 3000 ಅಡಿಯ ಸುಮಾರಿನಲ್ಲಿ ಹರಿಯುತ್ತದೆ. ಶಬ್ದವು ಮೆಲ್ಲಗಿರುವುದರಿಂದ ಇದು ಸಾಧುವೆಂಬ ಭಾವನೆ ಹುಟ್ಟುತ್ತದೆ; ಅದೇ ಅಪಾಯ. ಮೇಲಿನ ಗೈಡನ್ನು ಮರಕ್ಕೆ ಕಾಲು ಇಂಚು ಸಮೀಪಕ್ಕೆ ಇಳಿಸಿ, ಅನಾವಶ್ಯಕವಾಗಿ ಪಟ್ಟಿಯನ್ನು ತೆರೆದಿಡಬೇಡಿರಿ. ಕೊಯ್ತವು ಮುಗಿಯುವ ಹೊತ್ತಿಗೆ ಹೆಬ್ಬೆರಳಿನಿಂದ ನೂಕದೆ ಕೋಲಿನಿಂದ ನೂಕಿರಿ. ಬಿರಡೆಗೆ ಬೇಕಾದ ದುಂಡುಮರವನ್ನು ಬರಿಗೈಯಲ್ಲಿ ಹಿಡಿದು ಕೊಯ್ಯಬಾರದು. ಹಲ್ಲು ತಾಕಿದೊಡನೆ ಅದು ಉರುಳಿ ಕೈಯನ್ನು ಒಳಕ್ಕೆ ಎಳೆಯುತ್ತದೆ. ಅದನ್ನು ತೋಡಿದ ಅಚ್ಚಿನಲ್ಲಿ ಕೂರಿಸಿಯೇ ಕೊಯ್ಯತಕ್ಕದ್ದು. ಉತ್ತರೀಯ, ಸಡಿಲವಾದ ತೋಳು, ಬಳೆ, ಇಳಿಬಿಟ್ಟ ಜಡೆ, ಕೈಚೀಲ ಇವು ಯಾವುವೂ ಯಂತ್ರದ ಸಮೀಪಕ್ಕೆ ಬರಬಾರದು. ಬೀಟೆಯ ಹುಡಿಯು ಚರ್ಮಕ್ಕೂ ಶ್ವಾಸಕ್ಕೂ ಬಾಧಕ. ಮರದ ಹುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಸಾಲಿಗೆ ಸೇರಿಸಿದೆ. ಆದುದರಿಂದ ಮೂಗುಬಾಯಿಗಳಿಗೆ ತಕ್ಕ ಮುಸುಕು, ಕೊಠಡಿಗೆ ಎದುರುಬದುರು ಕಿಟಕಿ, ಹುಡಿಯನ್ನು ಹೀರುವ ಯಂತ್ರ ಇವು ಭೂಷಣಗಳಲ್ಲ, ಅಂಗಗಳೇ. ಕೆಲಸ ಮುಗಿದೊಡನೆ ಪ್ಲಗ್ಗನ್ನು ಕಿತ್ತು, ಕೊಠಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಮಕ್ಕಳಿಗೆ ಎಟುಕದ ಕಡೆ ಇಡಿರಿ. ವಾದ್ಯವನ್ನು ಕಟ್ಟುವ ಬೆರಳುಗಳೂ ಅದನ್ನು ನುಡಿಸುವ ಬೆರಳುಗಳೂ ಒಂದೇ ಮನೆಯಲ್ಲಿರುವಾಗ ಈ ಎಚ್ಚರವು ಇಮ್ಮಡಿಯಾಗಿರಬೇಕು.

ಸೀಳಿದ ಫಲಕಗಳನ್ನು ಡೊಂಕಾಗದಂತೆ ಒಣಗಿಸುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸಲಾಗುವುದು.